ನಂಬರಿಲ್ಲದ ಕೋಣೆ

ನನ್ನ ಅಮ್ಮನ ತವರು ಒಂದು ಲಾಡ್ಜು. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸುತ್ತಾರೆ. ಉಡುಪಿ ಕಡೆಯ ಅವಳ ಹುಟ್ಟಿದ ಮನೆ ಹೈವೇ ಅಗಲ ಮಾಡುವಾಗ ಹೋಯಿತು. ಆಗ ಅವಳ ಅಣ್ಣ, ಅಂದರೆ ನನ್ನ ಮಾವ, ಮುಂಬೈ-ಪುಣೆ ದಾರಿಯ ಖೋಪೋಲಿಯಲ್ಲಿ, ಹಳೇ ಹೈವೇ ಬದಿಗೆ, ಬೋರ್ಡಿಂಗ್ ಆಂಡ್ ಲಾಡ್ಜಿಂಗ್ ನಡೆಸುತ್ತಿದ್ದರು. ಊರಿನಿಂದ ಅಜ್ಜಿಯ ಮಂಚವನ್ನೂ ಒಂದು ಮರದ ಪೆಟ್ಟಿಗೆಯನ್ನೂ ಲಾರಿಗೆ ಹಾಕಿಸಿ ತಂದು, ಮೊದಲ ಮಾಳಿಗೆಯ ಕೊನೆಯ ಕೋಣೆಯಲ್ಲಿ ಇರಿಸಿ, "ಇದು ಇನ್ನು ನಿನ್ನದು" ಅಂದರು. ಬಾಗಿಲಿನ ಮೇಲಿದ್ದ ನಂಬರನ್ನು ಅವರೇ ಕಿತ್ತು ತೆಗೆದರು.

ಬೇರೆ ಕೋಣೆಗಳ ಕೀಲಿಗಳು ಗಲ್ಲದ, ಅಂದರೆ ದುಡ್ಡು ತೆಗೆದುಕೊಳ್ಳುವ ಮೇಜಿನ, ಹಿಂದಿನ ಬೋರ್ಡಿನಲ್ಲಿ ನೇತಾಡುತ್ತವೆ. ಈ ಕೀಲಿ ಮಾತ್ರ ದೇವರ ಫೋಟೋದ ಪಕ್ಕದ ಮೊಳೆಯಲ್ಲಿ. ಘಾಟಿಯಲ್ಲಿ ಗಾಡಿಗಳು ನಿಂತು, ಮಕ್ಕಳು ಮರಿ ಕಟ್ಟಿಕೊಂಡವರು ಬಂದು ಎಷ್ಟು ಕೊಡಬೇಕೆಂದರೂ ಕೊಡುತ್ತೇವೆಂದು ಗೋಗರೆದರೂ ಮಾವ ಆ ಮೊಳೆಗೆ ಕೈ ಹಾಕಿದವರಲ್ಲ. ಬೇಕಾದರೆ ತಮ್ಮ ಹಾಸಿಗೆ ಬಿಟ್ಟುಕೊಡುತ್ತಿದ್ದರು. "ಅದು ರೂಮಲ್ಲ ಮಾರಾಯ್ರೆ, ತಂಗಿ ಮನೆ" ಅನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಮುಂಬೈಯ ಭಾಂಡುಪ್‌ನಲ್ಲಿದ್ದಾಳೆ. ಹೀಗಾಗಿ ನನ್ನ ತವರು ನನ್ನ ಅಡುಗೆಮನೆಯಲ್ಲೇ ಇದೆ. ಬೇಕಾದಾಗ ಹೋಗಿ ಜಗಳ ಆಡಿ ಬರಬಹುದು. ಅಮ್ಮ ಮಾತ್ರ ಪ್ರತಿ ಬೇಸಿಗೆಯಲ್ಲಿ ಚೀಲ ಹಿಡಿದು ಥಾಣೆಯಲ್ಲಿ ಖೋಪೋಲಿ ಲೋಕಲ್ ಹತ್ತುತ್ತಿದ್ದಳು. ಬರುತ್ತೇನೆಂದು ಫೋನ್ ಮಾಡುತ್ತಿರಲಿಲ್ಲ. "ತವರಿಗೆ ಹೋಗುವವಳು ಕೇಳಿ ಹೋಗುದುಂಟಾ?" ಅನ್ನುತ್ತಿದ್ದಳು. ಹೋದ ಕೂಡಲೇ ಮಾವ ಗಲ್ಲ ಬಿಟ್ಟು ಎದ್ದು ಬಂದು, ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವ ಬೆಲ್ಲ, ನೀರು ತಾವೇ ತಂದು ಕೊಡುತ್ತಿದ್ದರು. ಅದಾದ ಮೇಲೆಯೇ ಮಾತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಹಾಗೆ ಮಾಡಿದೆ. ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ.

ಖೋಪೋಲಿಯ ಆಚೆ ದೊಡ್ಡದೊಂದು ಥೀಮ್ ಪಾರ್ಕ್ ಇದೆ. ಮಗಳ ಕ್ಲಾಸಿನಲ್ಲಿ ಅದನ್ನು ನೋಡದವಳು ಇವಳೊಬ್ಬಳೇ ಅಂತೆ. ಮಕ್ಕಳು ಹೀಗೆ ಹೇಳಿದರೆ ಅರ್ಧಕ್ಕರ್ಧ ಸುಳ್ಳೆಂದು ಗೊತ್ತಿದ್ದರೂ ತಾಯಂದಿರ ಹೊಟ್ಟೆ ಚುರ್ ಅನ್ನುತ್ತದೆ. ಕ್ರಿಸ್ಮಸ್ ರಜೆಗೆ ಹೋಗುವುದೆಂದಾಯಿತು. ಎಲ್ಲಿ ಉಳಿಯುವುದು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಏಳಲೇಬಾರದಿತ್ತು, ನಾನು ಎಬ್ಬಿಸಿದೆ. ಪಾರ್ಕಿನ ಒಳಗೇ, ಗೇಟಿಗೆ ತಾಗಿ, ಅವರದೇ ಹೋಟೆಲ್ ಇತ್ತು. ಮೊಬೈಲಿನಲ್ಲಿ ಅದರ ಫೋಟೋಗಳನ್ನು ನೋಡುತ್ತ ನೋಡುತ್ತ ನನ್ನ ಮನಸ್ಸು ಅಲ್ಲಿನ ಬಿಳಿ ಹಾಸಿಗೆಯ ಮೇಲೆ ಹೋಗಿ ಮಲಗಿಬಿಟ್ಟಿತು.

ಕಾರಣಗಳಿಗೇನು ಬರವೇ? ಅಲ್ಲಿ ಉಳಿದವರನ್ನು ಬೆಳಿಗ್ಗೆ ಬೇಗ ಒಳಗೆ ಬಿಡುತ್ತಾರೆ. ಮಗಳು ನೀರಾಟ ಆಡಿ ನೆನೆದರೆ ನಡೆದೇ ಬಂದು ಬಟ್ಟೆ ಬದಲಿಸಬಹುದು. ಲಿಫ್ಟ್ ಇದೆ, ಅಮ್ಮನ ಮೊಣಕಾಲಿಗೆ ಒಳ್ಳೆಯದು. ಮಾವನಲ್ಲಿ ಉಳಿದರೆ ಪಾರ್ಕಿನ ಹತ್ತಿರ ಕಾರು ನಿಲ್ಲಿಸಲು ಜಾಗ ಹುಡುಕಬೇಕು, ರಾತ್ರಿಯೆಲ್ಲ ಲಾರಿಗಳ ಹಾರ್ನ್ ಕೇಳಬೇಕು. ಅದಕ್ಕಿಂತ ಮುಖ್ಯವಾಗಿ ಮಾವನ ಉಪಚಾರದಿಂದ ಪಾರಾಗಬೇಕು. ಬೆಳಿಗ್ಗೆ ನೀರುದೋಸೆ, ಅದರ ಹಿಂದೆ ಗೋಳಿಬಜೆ, "ಇಷ್ಟು ಬೇಗ ಎಲ್ಲಿಗೆ, ಊಟ ಮಾಡಿ ಹೋಗಿ" ಎನ್ನುವ ಅತ್ತೆ. ಹಿಂದೊಮ್ಮೆ ಲೋಣಾವಳ ನೋಡಲು ಹೊರಟವರು ಮಾವನ ಊಟದ ಹಾಲ್ ನೋಡಿಕೊಂಡು ವಾಪಸ್ ಬಂದಿದ್ದೆವು. ಗಂಡನನ್ನು ಕೇಳಿದರೆ, "ನಿಮ್ಮ ಮನೆ ವಿಷಯ, ನೀನೇ ನೋಡು" ಎಂದು ಟಿವಿಯ ದನಿ ಏರಿಸಿದರು. ಬುದ್ಧಿವಂತರು.

ನಿಜ ಹೇಳಬೇಕೆಂದರೆ ಈ ಯಾವುದೂ ಕಾರಣವಲ್ಲ. ನನ್ನ ಅಪ್ಪ ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ನಾನು ಬೆಳೆದದ್ದೇ ಸಾಂಬಾರಿನ ವಾಸನೆಯಲ್ಲಿ. ಎಲ್ಲಿ ಕೂತು ತಿಂದರೂ ಯಾರಾದರೊಬ್ಬರು ಬಂದು, "ನೀನು ಇಂಥವರ ಮಗಳಲ್ವಾ?" ಎಂದು ಒಂದು ಹೋಳಿಗೆ ಹೆಚ್ಚು ಬಡಿಸುವವರು. ಒಮ್ಮೆ, ಒಂದೇ ಒಂದು ಸಲ, ಯಾರ ಮಗಳೂ ಯಾರ ಸೊಸೆಯೂ ಆಗದೆ ಬರೀ ಗಿರಾಕಿಯಾಗಿ ಒಂದು ಹೋಟೆಲಿನಲ್ಲಿ ಮಲಗಿ ಏಳಬೇಕೆಂಬ ಆಸೆ ನನಗೆ. ಇಷ್ಟು ಸಣ್ಣ ಆಸೆಯನ್ನು ಬಾಯಿಬಿಟ್ಟು ಹೇಳಿದ್ದರೆ ಅಮ್ಮ ನಕ್ಕು ಒಪ್ಪುತ್ತಿದ್ದಳೋ ಏನೋ. ನನಗೆ ಹಾವೂ ಸಾಯಬೇಕಿತ್ತು, ಕೋಲೂ ಮುರಿಯಬಾರದಿತ್ತು.

ಹೋಟೆಲು ಬುಕ್ ಆದದ್ದು ಅಮ್ಮನಿಗೆ ಗೊತ್ತಿರಲಿಲ್ಲ. ಖೋಪೋಲಿಗೆ ಎಂದು ಕೇಳಿದ್ದೇ ಅವಳು ಅಣ್ಣನಿಗೆಂದು ಮಾಹಿಮ್ ಹಲ್ವದ ಡಬ್ಬ ತರಿಸಿಟ್ಟುಕೊಂಡಿದ್ದಳು. ಸಂಜೆ ಅಡುಗೆಮನೆಯಲ್ಲಿ ಕೂತು ಕಾಯಿ ತುರಿಯುತ್ತ ಕೇಳಿದಳು:

"ನಾವು ಹೋಗಿ ಮುಟ್ಟುವಾಗ ಅಣ್ಣ ಗಲ್ಲದಲ್ಲೇ ಇರ್ತಾನೋ ಏನೋ, ಅಲ್ವಾ?"

"ಈ ಸಲ ಮಾವನಲ್ಲಿ ಉಳಿಯೋದು ಇಲ್ಲಮ್ಮ," ಅಂದೆ. "ನಾನು ಫೋನ್ ಮಾಡಿದ್ದೆ. ಮದುವೆ ಪಾರ್ಟಿ ಬುಕ್ ಮಾಡಿದ್ದಾರಂತೆ. ಫುಲ್ ಅಂತೆ."

ಕಾಯಿ ತುರಿಯುವ ಕೈ ನಿಂತಿತು.

"ಪೂರಾ ಕೊಟ್ಟಿದ್ದಾನಂತಾ?"

"ಪೂರಾ."

"ನನ್ನ—" ಎಂದು ಏನೋ ಹೇಳಹೊರಟವಳು ಅಲ್ಲಿಗೇ ಬಿಟ್ಟಳು. "ಆಯ್ತು," ಅಂದಳು. ಕೈ ಮತ್ತೆ ಆಡತೊಡಗಿತು.

ಎಷ್ಟು ಸುಲಭವಾಗಿ ಮುಗಿಯಿತು ಎಂದು ನನಗೆ ನಿರಾಳವಾಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮಾಡಿದೆ ಎಂದು ಒಳಗೊಳಗೇ ಬೀಗಿದ್ದೂ ಉಂಟು. ಅವಳು ಅಣ್ಣನಿಗೆ ಫೋನ್ ಮಾಡಿ ವಿಚಾರಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ತವರಿನಲ್ಲಿ ಜಾಗ ಉಂಟೋ ಎಂದು ಕೇಳುವ ಹೆಂಗಸಲ್ಲ ಅವಳು. ಆ ಮರ್ಯಾದೆಯ ಮೇಲೆಯೇ ನಾನು ಸುಳ್ಳನ್ನು ಕಟ್ಟಿದ್ದೆ. ಅವಳಿಗೆ ಅದು ಹೇಗೆ ಕೇಳಿಸಿರಬಹುದು ಎಂದು ಮಾತ್ರ ಯೋಚಿಸಲಿಲ್ಲ. ನಾನು ಹೇಳಿದ್ದು ಲಾಡ್ಜು ಫುಲ್ ಎಂದು. ಅವಳಿಗೆ ಕೇಳಿಸಿದ್ದು, ಅಣ್ಣ ಮೊಳೆಯಿಂದ ಕೀಲಿ ತೆಗೆದು ಯಾರಿಗೋ ಕೊಟ್ಟ ಎಂದು.

ಮರುದಿನ ನೋಡಿದರೆ ಹಲ್ವದ ಡಬ್ಬ ತೆರೆದಿತ್ತು. ಮೊಮ್ಮಗಳಿಗೆ ತಿನ್ನಿಸುತ್ತಿದ್ದಳು. "ಅಜ್ಜಿ, ಯೇ ತೋ ಮಾಮಾ ಅಜ್ಜಂಗೆ ಥಾ ನಾ?" ಎಂದು ಮಗಳು ಕೇಳಿದಳು. ಅವಳ ಕನ್ನಡ ಹಾಗೆಯೇ, ಭಾಂಡುಪ್ ಸ್ಟೇಷನ್ನಿನ ಸೇತುವೆಯಲ್ಲಿ ಎಲ್ಲ ಭಾಷೆಯವರೂ ಒಟ್ಟಿಗೆ ಹತ್ತಿ ಇಳಿದ ಹಾಗೆ. ಅಮ್ಮ, "ಅಜ್ಜನಿಗೆ ಈಗ ತುಂಬಾ ಕೆಲಸ, ನೀನು ತಿನ್ನು" ಅಂದಳು.

ಹೋಟೆಲು ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ಅನ್ಯಾಯ. ಹಾಸಿಗೆ ಫೋಟೋದಲ್ಲಿದ್ದದ್ದಕ್ಕಿಂತ ಮೆತ್ತಗಿತ್ತು. ಮಗಳು ನೆನೆದು ನಡುಗುತ್ತ ಓಡಿ ಬಂದು, ಬಿಸಿನೀರು ಮೈಮೇಲೆ ಹಾಕಿಕೊಂಡು, ಮತ್ತೆ ಓಡಿದಳು. ನಾನು ಹಾಕಿದ ಲೆಕ್ಕ ಒಂದೂ ತಪ್ಪಲಿಲ್ಲ. ಅಮ್ಮ ಮಾತ್ರ ಮಂಚದ ಅಂಚಿನಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾವು ಒದ್ದೆ ಟವೆಲ್ ಎಸೆದರೆ ಎದ್ದು ಮಡಚುತ್ತಿದ್ದಳು. ಕಿಟಕಿಯ ಪರದೆ ಸರಿಸಿ ನಿಂತು, "ಅಣ್ಣನ ಲಾಡ್ಜು ಯಾವ ಬದಿಗೆ ಬರ್ತದೆ?" ಎಂದು ಕೇಳಿದಳು. ನಾನು ಗೊತ್ತಿಲ್ಲ ಅಂದೆ. ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ತಿಂಡಿಯ ಹಾಲಿನಲ್ಲಿ ನನ್ನ ಜಾಣತನದ ಗಂಟು ಬಿಚ್ಚಿತು. ಮುಂಬೈಯಿಂದ ಘಾಟಿಯ ಬುಡದ ತನಕ ನಮ್ಮ ಕಡೆಯವರಿಲ್ಲದ ಹೋಟೆಲ್ ಹುಡುಕುವವಳು ನನ್ನಂಥ ಪೆದ್ದಿಯೇ ಆಗಬೇಕು. ಅದೂ ಹೋಟೆಲಿನವರ ಮಗಳಾಗಿ ಹುಟ್ಟಿ! ಅಮ್ಮ ಮೊಮ್ಮಗಳಿಗೆ, "ಚಟ್ನಿ ಹಾಕ್ಲಾ ಮಗಾ?" ಎಂದದ್ದಷ್ಟೇ. ಕೋಟು ಹಾಕಿ ಹಾಲ್ ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ಗಕ್ಕನೆ ತಿರುಗಿದರು. "ಅಮ್ಮ, ಊರಲ್ಲಿ ನಿಮಗೆ ಎಲ್ಲಿ ಆಯ್ತು?" ಅಂದರು. ಊರು ಕೇಳಿದ ಮೇಲೆ ಮನೆ, ಮನೆ ಕೇಳಿದ ಮೇಲೆ ಅಣ್ಣ. ಅವರ ಮುಖ ಅರಳಿತು. "ಅಯ್ಯೋ, ನಾನು ಮುಂಬೈಗೆ ಬಂದವ ಮೊದಲು ಕೆಲಸಕ್ಕೆ ನಿಂತದ್ದೇ ಅವರಲ್ಲಿ!" ಎನ್ನುತ್ತ ಫೋನ್ ತೆಗೆದೇಬಿಟ್ಟರು. ನಾನು "ಬೇಡ, ಬೇಡ, ಅವರಿಗೆ ಕೆಲಸ ಇರ್ತದೆ" ಎಂದದ್ದು ಅವರ ಸಂಭ್ರಮದಲ್ಲಿ ಯಾರಿಗೂ ಕೇಳಿಸಲಿಲ್ಲ. ಗಂಡ ನನ್ನನ್ನು ನೋಡಲಿಲ್ಲ. ಇಡ್ಲಿ ನೋಡಿದರು.

ಮಾವ ಬರುವಾಗ ನಾವು ಲಾಬಿಯಲ್ಲಿದ್ದೆವು. ಗಾಜಿನ ಬಾಗಿಲು ತಾನಾಗಿ ತೆರೆದದ್ದಕ್ಕೆ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಒಳಗೆ ಬಂದರು. ಬಿಳಿ ಅಂಗಿ, ಬಟ್ಟೆಯ ಚೀಲ. ನನ್ನನ್ನಾಗಲಿ ಗಂಡನನ್ನಾಗಲಿ ಮಾತಾಡಿಸದೆ ನೇರ ಅಮ್ಮನ ಎದುರು ನಿಂತು, ಚೀಲದಿಂದ ಒಂದು ಸ್ಟೀಲಿನ ಡಬ್ಬಿ, ಒಂದು ಚೊಂಬು ತೆಗೆದರು. ಚೊಂಬಿನ ಬಾಯಿಗೆ ಬಾಳೆಲೆ ಕಟ್ಟಿತ್ತು.

"ಮೊದಲು ಬೆಲ್ಲ ತಿನ್ನು. ನೀರು ಕುಡಿ."

ಅಮ್ಮ ತಿಂದಳು, ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿನಗೆ ಕೊಡ್ಲಿಕ್ಕೆ ನನ್ನ ಕೈಯಲ್ಲಿ ಏನೂ ಇಲ್ಲ ಅಣ್ಣ," ಅಂದಳು. ಹಲ್ವದ ಡಬ್ಬ ನನ್ನ ಕಣ್ಣ ಮುಂದೆ ಬಂತು. ಆಮೇಲೆ ಅವಳು ಸಹಜವಾಗಿಯೇ ಕೇಳಿದಳು: "ಮದುವೆ ಪಾರ್ಟಿ ಇರುವಾಗ ಗಲ್ಲ ಬಿಟ್ಟು ಬಂದಿಯಲ್ಲ?"

ಮಾವ, "ಯಾವ—" ಎಂದರು. ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಮುಟ್ಟಿ ನೋಡಿಕೊಳ್ಳುವುದೂ ಬೇಕಿರಲಿಲ್ಲ, ನನ್ನ ಮುಖದಲ್ಲೇ ಎಲ್ಲ ಇತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಹೌದು," ಅಂದರು ಮಾವ, ನಿಧಾನವಾಗಿ. "ಪರಿಚಯದವರು. ತುಂಬಾ ಕೇಳಿಕೊಂಡರು. ಕೊಟ್ಟುಬಿಟ್ಟೆ."

"ಆ ಕೋಣೆಯೂ?"

"ಅದೂ."

ಅಮ್ಮ ತಲೆಯಾಡಿಸಿದಳು. "ಇರ್ಲಿ ಅಣ್ಣ. ವ್ಯಾಪಾರ ಅಲ್ವಾ? ಎಷ್ಟು ದಿನ ಅಂತ ಖಾಲಿ ಇಡುದು?"

ಆಗ ನಾನು ಬಾಯಿ ತೆರೆಯಬೇಕಿತ್ತು. ಒಂದು ಮಾತು ಸಾಕಿತ್ತು. ಮಗಳು ಪಕ್ಕದಲ್ಲಿದ್ದಳು, ಕ್ಯಾಪ್ಟನ್ ಕಾಫಿ ಹಿಡಿದು ನಿಂತಿದ್ದರು, ನನಗೆ ನಾಚಿಕೆ ಅಡ್ಡ ಬಂತು. ನನ್ನ ನಾಚಿಕೆ ಉಳಿಯಿತು. ಅಣ್ಣತಂಗಿಯರ ನಡುವೆ ಇಷ್ಟು ವರ್ಷ ಇದ್ದದ್ದು ನನ್ನ ಕಣ್ಣೆದುರೇ ಹೋಯಿತು.

ಮಾವನನ್ನು ರಿಕ್ಷಾದ ತನಕ ಬಿಡಲು ಹೋದೆ. ಬೈಯುತ್ತಾರೆಂದು ಕಾದೆ, ಬೈದರೆ ಸಾಕೆಂದು ಬೇಡಿಕೊಂಡೆ. ಅವರು ಬೈಯಲಿಲ್ಲ.

"ಯಾಕೆ ಮಾವ ಹಾಗೆ ಹೇಳಿದ್ರಿ?" ಎಂದು ನಾನೇ ಕೇಳಿದೆ.

"ಮತ್ತೆಂತ ಹೇಳುದು? ಅವಳು ವರ್ಷವಿಡೀ ಇರುದು ನಿನ್ನ ಮನೆಯಲ್ಲಿ. ನನ್ನಲ್ಲಿ ಇರುದು ನಾಲ್ಕು ದಿನ. ನನ್ನ ಮೇಲೆ ಬೇಜಾರಾದ್ರೆ ನಿನ್ನಲ್ಲಿ ಇರ್ತಾಳೆ. ನಿನ್ನ ಮೇಲೆ ಬೇಜಾರಾದ್ರೆ ಎಲ್ಲಿ ಹೋಗ್ಲಿ ಮಗಾ?"

ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ರಿಕ್ಷಾ ಹತ್ತಿದರು. ಆ ದಿನವಿಡೀ ನಾನು ಮಗಳ ಜೊತೆ ಎಲ್ಲ ರೈಡುಗಳನ್ನೂ ಹತ್ತಿದೆ. ಜನ ಹೆದರಿ ಕಿರುಚುವಾಗ ನಾನೂ ಕಿರುಚಿದೆ. ಅಲ್ಲಿ ಅತ್ತರೂ ಯಾರೂ ಕೇಳುವುದಿಲ್ಲ.

ವಾಪಸ್ ಬರುವಾಗ ಹಳೇ ಹೈವೇಯಲ್ಲೇ ಕಾರು ತಿರುಗಿಸಲು ಗಂಡನಿಗೆ ಹೇಳಿದೆ. ಲಾಡ್ಜು ಕಾಣಿಸಿತು. ಮದುವೆಯ ತೋರಣವಿಲ್ಲ, ಗಾಡಿಗಳಿಲ್ಲ, ಮೇಲಿನ ಕೊನೆಯ ಕಿಟಕಿ ಮುಚ್ಚಿತ್ತು. ನೋಡಲಿ, ತಾನೇ ಕೇಳಲಿ, ಹೇಳಿಬಿಡುತ್ತೇನೆ ಎಂದುಕೊಂಡು, "ನಿಲ್ಲಿಸೋಣವಾ ಅಮ್ಮ?" ಅಂದೆ. ಅಮ್ಮ ಆ ಬದಿಗೆ ನೋಡಲೇ ಇಲ್ಲ. ಮಡಿಲಲ್ಲಿ ಮಲಗಿದ್ದ ಮೊಮ್ಮಗಳ ಕೂದಲು ಸರಿಮಾಡುತ್ತ, "ಮಗು ಏಳ್ತದೆ, ಬೇಡ" ಅಂದಳು.

ಬೇಸಿಗೆ ಬಂತು. ಅಮ್ಮ ಚೀಲ ತೆಗೆಯಲಿಲ್ಲ. ಮೊಣಕಾಲು ನೋವು ಅಂದಳು, ಲೋಕಲಿನಲ್ಲಿ ರಶ್ ಅಂದಳು. ಹಿಂದಿನ ವರ್ಷವೂ ಮೊಣಕಾಲು ನೋಯುತ್ತಿತ್ತು, ಲೋಕಲಿನಲ್ಲಿ ರಶ್ ಯಾವಾಗಲೂ ಇತ್ತು. ಕಡೆಗೆ ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇರುವಾಗ, ಅವಳ ಕಾಲಿಗೆ ಎಣ್ಣೆ ಹಚ್ಚುತ್ತ ಹೇಳಿದೆ.

"ಅಮ್ಮ, ಮಾವ ಆ ಕೋಣೆ ಯಾರಿಗೂ ಕೊಟ್ಟಿರಲಿಲ್ಲ. ಮದುವೆ ಪಾರ್ಟಿಯೂ ಇರಲಿಲ್ಲ. ನಾನು ಸುಳ್ಳು ಹೇಳಿದ್ದು. ನನಗೆ ಆ ಹೋಟೆಲಿನಲ್ಲಿ ಉಳಿಯಬೇಕಿತ್ತು, ಅದಕ್ಕೆ."

ಅಮ್ಮ ನನ್ನನ್ನೇ ನೋಡಿದಳು. ಸಿಟ್ಟು ಬರಲಿ ಎಂದು ಕಾದೆ. ಅವಳ ಕಣ್ಣಲ್ಲಿ ನೀರು ಬಂತು, ಕೈ ಚಾಚಿ ನನ್ನ ಕೆನ್ನೆ ಸವರಿದಳು.

"ನನ್ನ ಮನಸ್ಸಿಗೆ ಬೇಜಾರಾಗ್ತದೆ ಅಂತ ನೀನು ಅವನ ತಪ್ಪನ್ನು ನಿನ್ನ ತಲೆ ಮೇಲೆ ಹಾಕ್ಕೊಳ್ತಿಯಾ? ಬೇಡ ಮಗಾ. ಅವನೇ ಹೇಳಿದ್ದಾನಲ್ಲ, ನನ್ನೆದುರೇ. ನನ್ನ ಅಣ್ಣ ನನ್ನ ಹತ್ರ ಇಷ್ಟರ ತನಕ ಒಂದು ಸುಳ್ಳು ಹೇಳಿದವ ಅಲ್ಲ."

"ಇಲ್ಲಮ್ಮ, ನಿಜವಾಗಿಯೂ—"

"ಗೊತ್ತುಂಟು. ನೀನು ಒಳ್ಳೆಯವಳು. ನನ್ನ ಪುಣ್ಯ."

ಮತ್ತೆ ಹೇಳಿದೆ. ಆಣೆ ಇಟ್ಟೆ. ಹೇಳಿದಷ್ಟೂ ಅವಳ ಕಣ್ಣಲ್ಲಿ ನಾನು ಇನ್ನಷ್ಟು ಒಳ್ಳೆಯವಳಾಗುತ್ತ ಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವಳೂ ಅವಳೇ. ಕೊನೆಗೆ ಸೋತು, ನಾಳೆಯೇ ಹೋಗೋಣ, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ನೀನೇ ನೋಡು ಅಂದೆ. ಅಮ್ಮ ಸೀರೆಯ ನೆರಿಗೆಯನ್ನು ಕಾಲಿನ ಮೇಲೆ ಎಳೆದುಕೊಂಡಳು.

"ನೀನು ಇಷ್ಟು ಹೇಳ್ತಿ ಅಂದ್ರೆ ಹೋಗುವ," ಅಂದಳು. "ಆದ್ರೆ ಸುಮ್ಮನೆ ಹೋಗಿ ನಿಲ್ಲುದು ಬೇಡ. ಮೊದಲು ಫೋನ್ ಮಾಡಿ ಕೇಳು, ರೂಮು ಖಾಲಿ ಉಂಟಾ ಅಂತ."

ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನ್ ತೆಗೆದುಕೊಂಡೆ. ಅವಳ ಎದುರೇ ಕೂತು, ಮಾವನಿಗೆ ಫೋನ್ ಮಾಡಿ, ಕೇಳಿದೆ.