ಫಿರಂಗಿ ರಾಜರ ಬೆಳ್ಳಿ

ಸಿರಸಿ ಪೇಟೆಯಲ್ಲಿ ಕುಪ್ಪಸದ ಖಣ ಮಾರುತ್ತಿದ್ದ ದ್ಯಾಮಪ್ಪನಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು: ಗೋವೆಯನ್ನಾಳಿದ ಪೋರ್ಚುಗಲ್ಲಿನ ಫಿರಂಗಿ ರಾಜರ ತಲೆಯಿದ್ದ ಬೆಳ್ಳಿ ರೂಪಾಯಿ. ಆ ರಾಜರನ್ನು ಅವರ ದೇಶದವರೇ ಓಡಿಸಿ ಐವತ್ತು ವರ್ಷವಾಗುತ್ತ ಬಂದಿತ್ತು. "ಅವರಿಗೆ ಉಳಿದ ಪ್ರಜೆ ಅಂದ್ರ ನೀ ಒಬ್ಬನ ನೋಡು" ಎಂದು ಪಕ್ಕದ ಅಂಗಡಿಯ ನಾನು ಕಾಡಿಸುತ್ತಿದ್ದೆ. ಅವನು ನಗುತ್ತ ಗಂಟು ಬಿಚ್ಚಿ, "ಇವ ಅಪ್ಪ, ಈ ದಪ್ಪ ಗದ್ದದಾವ ಮಗ" ಎಂದು ತೋರಿಸುತ್ತಿದ್ದ. ಹದಿನೈದು ವರ್ಷಕ್ಕೆ ಹನ್ನೊಂದು ಸೇರಿದ್ದವು. ಗೋವೆಯ ಗಡಿ ಮುಚ್ಚಿದ ಮೇಲೆ ಇನ್ನೊಂದು ಬರುವ ದಾರಿಯೂ ಇರಲಿಲ್ಲ.

ಹೆಂಡತಿ ನೀಲಗಂಗವ್ವ ಕೇಳಿದರೆ ಮಾತ್ರ ನಾಚಿಕೊಂಡು, "ಬೆಳ್ಳಿ ಅಲ್ಲೇನ, ಆಪತ್ತಿಗೆ ಆಕ್ಕೈತಿ" ಎನ್ನುತ್ತಿದ್ದ. ನಾಣ್ಯದ ಮೇಲೆ ಜೀವವಿದೆಯೆಂದು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಮಾಡಿದ್ದುಣ್ಣೋ ಮಹರಾಯ.

ಐವತ್ತೆಂಟನೇ ಇಸವಿಯಲ್ಲಿ ಅವನಿಗೆ ವಿಷಮಜ್ವರ ಬಂತು. ಹನ್ನೆರಡು ದಿನ ಎಚ್ಚರವಿಲ್ಲ. ಗಂಡ ಉಳಿದರೆ ಅವನ ಕೊರಳ ಲಿಂಗಕ್ಕೆ ಬೆಳ್ಳಿಯ ಕರಡಿಗೆ ಮಾಡಿಸುತ್ತೇನೆಂದು ನೀಲಗಂಗವ್ವ ಹರಕೆ ಹೊತ್ತಳು. ಅಲ್ಲಿಯ ತನಕ ಅವನ ಲಿಂಗ ಬಿಳಿ ವಸ್ತ್ರದಲ್ಲೇ ಇತ್ತು. ಜ್ವರ ಇಳಿದದ್ದೇ ತಡ, ಗಂಟು ಎತ್ತಿಕೊಂಡು ಅಕ್ಕಸಾಲಿಗನ ಮನೆಗೆ ಓಡಿದಳು.

ದ್ಯಾಮಪ್ಪ ಎದ್ದು ಕೂತ ದಿನ ನಾನು ಅಲ್ಲೇ ಇದ್ದೆ. ಅವಳು ಕರಡಿಗೆಯನ್ನು ಅವನ ಅಂಗೈಯಲ್ಲಿಟ್ಟಳು. "ನಿಮ್ಮ ಬೆಳ್ಳಿನ ರೀ. ಆಪತ್ತಿಗೆ ಆತು ನೋಡ್ರಿ."

"ಎಲ್ಲಾನೂ?"

"ಹನ್ನೊಂದೂ ಹಾಕೇನ್ರಿ. ಹರಕಿಯೊಳಗ ಜುಗ್ಗತನ ಮಾಡಬಾರದು."

ಅವನು ನುಣುಪಾದ ಬೆಳ್ಳಿಯ ಮೇಲೆ ಹೆಬ್ಬೆರಳಾಡಿಸಿದ. ಬೈಯುವುದಾದರೂ ಯಾರನ್ನು? ಲಿಂಗವನ್ನು ಒಳಗಿಟ್ಟು ಕೊರಳಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ ಮೈಯಿಂದ ದೂರ ಇಡುವ ಹಾಗೂ ಇಲ್ಲ.

ಆಮೇಲೆ ಅವನು ಬದುಕಿದ್ದ ಅನ್ನಬೇಕು, ಅಷ್ಟೆ. ಗಿರಾಕಿ ಕೇಳುವುದು ಒಂದು, ಇವನು ಕೊಡುವುದು ಒಂದು. ಅರವತ್ತೆರಡರಲ್ಲಿ ಗಡಿ ತೆರೆದು, ಕಾರವಾರದವನೊಬ್ಬ ಅಂಥದೇ ರೂಪಾಯಿ ತಂದು ತೋರಿಸಿದ. ದ್ಯಾಮಪ್ಪ ಕೈಚಾಚಲೂ ಇಲ್ಲ.

ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಪೂಜೆಗೆ ಕೂತಿದ್ದ. ಎಡ ಅಂಗೈಯಲ್ಲಿ ಲಿಂಗ, ಮುಂದೆ ತೆರೆದಿಟ್ಟ ಕರಡಿಗೆ, ಕಣ್ಣಲ್ಲಿ ಒಂದೇ ಸಮನೆ ನೀರು. ನೀಲಗಂಗವ್ವ ಬಾಗಿಲಲ್ಲೇ ನನ್ನನ್ನು ತಡೆದಳು. ಅವಳ ಮುಖ ಅರಳಿತ್ತು.

"ಸಪ್ಪಳ ಮಾಡಬ್ಯಾಡ್ರಿ ಅಣ್ಣಾ. ಮೊದಲ ಹಿಂಗ ಇದ್ದಿಲ್ಲ. ಕರಡಿಗಿ ಬಂದಮ್ಯಾಲೆ ದಿನಾ ಅಳ್ತಾರ. ಭಕ್ತಿ ಅಂದ್ರ ಹಿಂಗಿರಬೇಕು."

"ಹೌದವ್ವ" ಎಂದೆ.