ಐದು ಅಂಕಕ್ಕೆ ಒಂಬತ್ತು ಪುಟ

ಬೆಳಿಗ್ಗೆ ಐದೂವರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಹಜೀರಾಬೀ ಜರಡಿ ಆಡಿಸುತ್ತಿದ್ದಾರೆ. ಮರಳು ಕೆಳಗೆ ಉದುರುತ್ತದೆ, ಮಂಡಕ್ಕಿ ಮೇಲೆ ಉಳಿಯುತ್ತದೆ. ಎದುರಿನ ಮಸಿ ಹಿಡಿದ ಗೋಡೆಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೆರಾಕ್ಸ್ ಹಾಳೆ ನೇತುಹಾಕಿದೆ. ನಾಲ್ಕು ಶತಮಾನದ ಹಿಂದೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ನೆಲೆಸಿದವರೊಬ್ಬರ ಇಂಗ್ಲಿಷ್ ದಿನಚರಿಯ ಪುಟ ಅದು. ಹಜೀರಾಬೀ ಅವರ ತುಟಿ ಅಲ್ಲಾಡುತ್ತಿದೆ: ‘ಟ್ರಿಬ್ಯುಲೇಶನ್... ಟ್ರಿಬ್ಯುಲೇಶನ್...’

“ಮೊದ್ಲೇ ಡಿಕ್ಷನರಿ ತೆಗಿಬಾರ್ದ್ರಿ, ಸಾಲು ಪೂರಾ ಓದ್ಬೇಕು,” ಎನ್ನುತ್ತಾರೆ. “ಅಕ್ಕಪಕ್ಕದ ಮಾತು ನೋಡಿದ್ರೆ ಅರ್ಧ ತಾನೇ ಗೊತ್ತಾಗ್ತೈತೆ. ಕಾದ ಮರಳಾಗೆ ಬಿದ್ದ ಅಕ್ಕಿ ಪಾಡು ಐತಲ್ಲ, ಅದೇ ಈ ಪದ. ಆ ಪಾಡು ಪಡದೆ ಅರಳಂಗಿಲ್ಲ ಅಂತ ಆ ಜನ ನಂಬಿದ್ರು.”

ನಲವತ್ತೇಳರ ಹಜೀರಾಬೀ ಅವರ ಬಿ.ಎ. ಕೊನೆಯ ವರ್ಷದಲ್ಲಿ ನಿಂತುಹೋಗಿತ್ತು. ಅಪ್ಪ ಹಾಸಿಗೆ ಹಿಡಿದರು, ಮಗಳು ಭಟ್ಟಿಗೆ ಬಂದರು. ಅದನ್ನು ಮುಗಿಸಲು ಆರು ವರ್ಷದ ಹಿಂದೆ ದೂರಶಿಕ್ಷಣಕ್ಕೆ ಸೇರಿದರು; ಬಾಕಿ ಉಳಿದಿರುವುದು ಈ ದಿನಚರಿ ಪಠ್ಯವಾಗಿರುವ ಇಂಗ್ಲಿಷ್ ಪತ್ರಿಕೆಯೊಂದೇ. ಈಗ ದಿನಕ್ಕೆ ಹದಿನೆಂಟು ಚೀಲ ಮಂಡಕ್ಕಿ, ನಾಲ್ಕು ಹೊಸ ಪದ. ಸಂಜೆ ಸರಸ್ವತಿ ನಗರದ ಮನೆಯಲ್ಲಿ ಕಾಲೇಜು ಹುಡುಗಿಯರಿಗೆ ಅವೇ ಪದಗಳ ಪಾಠ. ಇವರ ಬಳಿ ಕಲಿತ ಹತ್ತೊಂಬತ್ತು ಮಂದಿ ಆ ಪತ್ರಿಕೆಯಲ್ಲಿ ಪಾಸಾಗಿದ್ದಾರೆ.

ಕಲಿಸಿದವರು ಮಾತ್ರ ಎರಡು ಸಲ ಡುಮ್ಕಿ! ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದುದು ಹೆಚ್ಚಾಗಿ. ಐದು ಕಠಿಣ ಪದಗಳಿಗೆ ಅರ್ಥ ಬರೆಯುವ ಪ್ರಶ್ನೆಗೆ ಇರುವುದೇ ಐದು ಅಂಕ. ಹುಡುಗಿಯರಿಗೆ ಬಿಡಿಸಿ ಹೇಳುವ ಹಾಗೆಯೇ ಮೊದಲ ಸಲ ಏಳು ಪುಟ ಬರೆದರು, ಎರಡನೆಯ ಸಲ ಒಂಬತ್ತು. ಉಳಿದ ಪ್ರಶ್ನೆಗೆ ಕೈಹಾಕುವಷ್ಟರಲ್ಲಿ ಗಂಟೆ ಹೊಡೆಯಿತು. ಕೇಳಿ ನನಗೆ ನಗುವೂ ಬಂತು, ಮರುಕವೂ ಆಯಿತು. ಸೋಮವಾರ ಹರಿಹರದಲ್ಲಿ ಮತ್ತೆ ಪರೀಕ್ಷೆ. ದೂರಶಿಕ್ಷಣದ ನಿಯಮದಂತೆ ಇದೇ ಕೊನೆಯ ಅವಕಾಶ. ಈ ಸಲ ತಪ್ಪಿದರೆ ಪದವಿಯ ಆಸೆಗೆ ಎಳ್ಳುನೀರು ಬಿಡಬೇಕು.

ಹಾಗಾಗಿ ಈಗ ಶಿಷ್ಯೆಯರದೇ ದರ್ಬಾರು. ಹೋದ ವರ್ಷ ಪಾಸಾದ ಮಾಯಕೊಂಡದ ಶೋಭಾರಾಣಿ ದಿನಾ ಸಂಜೆ ಮೊಬೈಲಿನಲ್ಲಿ ಟೈಮ್ ಇಟ್ಟು ಎದುರು ಕೂರುತ್ತಾರೆ.

“ಅಕ್ಕಾ, ಎರಡ್ ಸಾಲು ಆತು. ಪೆನ್ ಎತ್ರಿ!”

“ಇನ್ನೊಂದ್ ಉದಾಹರಣೆ ಐತವ್ವಾ...”

“ಬ್ಯಾಡ ಅಂದೆ!”

ಹಜೀರಾಬೀ ಮುಖ ಹುಳ್ಳಗೆ ಮಾಡಿಕೊಂಡು ಪೆನ್ನು ಎತ್ತುತ್ತಾರಂತೆ.

ಭಟ್ಟಿಯಿಂದ ಹೊರಡುವ ಮುನ್ನ, ಸೋಮವಾರದ ಭಯವಿಲ್ಲವೇ ಎಂದು ಕೇಳುತ್ತೇನೆ.

“ಯಾಕ ಭಯ? ಈ ಸಲ ಎರಡೇ ಸಾಲಿಗೆ ನಿಲ್ಲಿಸ್ತೀನಿ, ಪಾಸಾಗ್ತೀನಿ. ಆದ್ರೆ ಆ ಒಂಬತ್ ಪುಟ ದಂಡ ಆತು ಅನ್ಬ್ಯಾಡ್ರಿ. ಅದನ್ನ ತಿದ್ದಿದ ಮೇಷ್ಟ್ರು ಆ ಐದು ಪದ ಇನ್ನು ಜನ್ಮದಾಗೆ ಮರೆಯಂಗಿಲ್ಲ!”