ಬೆಟ್ಟದ ಗೇಟು ಮುಚ್ಚಿದ ಆಬ್ರಿ ಪಿಂಚಿನ್

ಚಿಪ್ಪಿಂಗ್ ಕ್ಯಾಂಪ್ಡನ್ನಿನ ಪೇಟೆಬೀದಿಯಲ್ಲಿ ಆಬ್ರಿ ಪಿಂಚಿನ್ನನ ಕಬ್ಬಿಣದ ಸಾಮಾನಿನ ಅಂಗಡಿ ಹೊಕ್ಕು ಬರಿಗೈಯಲ್ಲಿ ಹೊರಬಂದ ಕಾಲ್ನಡಿಗೆಯವರು ಬಹಳ ಕಡಿಮೆ. ಬಾತ್ ಪಟ್ಟಣದವರೆಗೆ ಗುಡ್ಡದ ನೆತ್ತಿ ಹಿಡಿದು ಹೋಗುವ ಹಾದಿ ಶುರುವಾಗುವುದು ಆ ಅಂಗಡಿಯ ಕೂಗಳತೆಯಲ್ಲಿ. ಬೂಟಿಗೆ ಹಚ್ಚುವ ಮೇಣವೋ ನಾಯಿಗೆ ಕಟ್ಟುವ ಹಗ್ಗವೋ ಕೇಳಿ ಬಂದವರಿಗೆ ಆಬ್ರಿ ಯಾವ ಏರು ಕಡಿದು, ಎಲ್ಲಿ ಕೆಸರು, ಯಾವ ತಿರುವಿನಲ್ಲಿ ನಿಂತರೆ ವೇಲ್ಸ್ ನಾಡಿನ ಬೆಟ್ಟ ಕಾಣುತ್ತದೆ ಎಂದು ಅಂಗೈ ಮೇಲೆ ಬರೆದು ತೋರಿಸುವಂತೆ ಹೇಳುತ್ತಿದ್ದ. ಹೇಳುತ್ತಲೇ ಒಂದು ಊರುಗೋಲನ್ನೂ ದಾಟಿಸಿಬಿಡುತ್ತಿದ್ದ. ಆ ಹಾದಿಯಲ್ಲಿ ತಾನು ಒಂದು ಮೈಲಿಯೂ ನಡೆದವನಲ್ಲ ಎಂಬ ಸಣ್ಣ ಸಂಗತಿಯನ್ನು ತಿಳಿಸಿ ಗಿರಾಕಿಗಳ ಉತ್ಸಾಹ ಯಾಕೆ ಕೆಡಿಸಬೇಕು ಎಂದು ಸುಮ್ಮನಿದ್ದ.

ಅಂಥವನನ್ನು ಎಪ್ಪತ್ತರ ಹತ್ತಿರದಲ್ಲಿ ಬೂಟು ಕಟ್ಟಿಸಿ ಹೊರಗೆಳೆದದ್ದು ಮೆಗ್ ಎಂಬ ನಾಯಿ.

ಮೆಗ್ ಅವನ ಅಣ್ಣ ಲೆನರ್ಡನದು. ಒಂದೇ ಮನೆಯಲ್ಲಿ ಹುಟ್ಟಿ ತಮ್ಮ ಮೊಳೆ ಮಾರಿದರೆ ಅಣ್ಣ ಕುರಿ ಕಾದ. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಲೆನರ್ಡ್ ಮೆಗ್‌ಳನ್ನು ಮಂದೆ ತರಲು ಅಟ್ಟಿ, ಕಲ್ಲುಗೋಡೆಗೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಮೆಗ್ ಕುರಿಗಳನ್ನು ತಂದು ಅವನ ಕಾಲ ಮುಂದೆ ನಿಲ್ಲಿಸಿದ್ದಳು. ಮಧ್ಯಾಹ್ನ ಜನ ಹುಡುಕಿಕೊಂಡು ಹೋದಾಗ ಒಂದು ಮರಿಯೂ ಅತ್ತಿತ್ತ ಸರಿದಿರಲಿಲ್ಲ. ಯಾರೋ ಅವಳ ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ಬಂದು ಆಬ್ರಿಯ ಅಂಗಡಿಯಲ್ಲಿ ಬಿಟ್ಟರು.

ಅಂದಿನಿಂದ ಅವಳು ಅಂಗಡಿಯ ಬಾಗಿಲಲ್ಲಿ ಮುಂಗಾಲು ಚಾಚಿ, ತಲೆ ಎತ್ತಿ, ಎಚ್ಚರವಾಗಿ ಮಲಗಿರುತ್ತಿದ್ದಳು. ಇಟ್ಟದ್ದನ್ನು ಮೂಸಿ ಎರಡು ತುತ್ತು ತಿಂದರೆ ಹೆಚ್ಚು. ಕರೆದರೆ ಬರುತ್ತಿದ್ದಳು, ಆದರೆ ಆಬ್ರಿಯ ಮುಖ ನೋಡುತ್ತಿರಲಿಲ್ಲ. ಅವನ ಹೆಗಲಾಚೆ ಎಲ್ಲೋ ನೋಡುತ್ತಿದ್ದಳು. ಪಶುವೈದ್ಯರು ಮುಟ್ಟಿ ನೋಡಿ ಮೈಯಲ್ಲೇನೂ ಕಾಯಿಲೆಯಿಲ್ಲ ಎಂದರು. ಪಕ್ಕೆಲುಬು ದಿನದಿನಕ್ಕೂ ಎದ್ದು ಕಾಣತೊಡಗಿತು. ಅಣ್ಣನ ಮಣ್ಣಿಗೆ ಒಂದು ಹನಿ ಕಣ್ಣೀರು ಹಾಕದ ಆಬ್ರಿ, ಈ ನಾಯಿಯೂ ಹೋಗಿಬಿಟ್ಟರೆ ಎಂದು ನೆನೆದಾಗಲೆಲ್ಲ ಎದ್ದು ಹೋಗಿ ಅವಳ ತಟ್ಟೆಗೆ ಇನ್ನೊಂದು ಚೂರು ಹಾಕಿ ಬರುತ್ತಿದ್ದ.

ದಕ್ಷಿಣಕ್ಕೆ ವೂಟನ್ ಊರಿನ ಬಳಿಯ ಕುರಿಸಾಕಣೆಯವನೊಬ್ಬ, ಕುರಿ ಕಂಡರೆ ಅವಳಿಗೆ ಜೀವ ಬಂದೀತು, ನನಗೆ ಕೊಡು ಎಂದು ಹೇಳಿಕಳಿಸಿದ. ಕೊಡುವುದೆಂದು ಆಬ್ರಿ ಮನಸ್ಸು ಮಾಡಿದ. ಆದರೆ ಪಾರ್ಸೆಲಿನ ಹಾಗೆ ಕಾರಿನಲ್ಲಿ ಹಾಕಿ ಕಳಿಸಲು ಮನಸ್ಸು ಬರಲಿಲ್ಲ. ನಡೆದೇ ಹೋಗೋಣ, ದಾರಿಯಲ್ಲಿ ಅವಳು ತನ್ನ ಕಡೆ ಒಂದು ಸಲ ತಿರುಗಿ ನೋಡಿದರೆ ಕೊಡುವುದಿಲ್ಲ, ನೋಡದಿದ್ದರೆ ಕೊಟ್ಟು ಬರುವುದು ಎಂದು ತನ್ನೊಳಗೇ ವ್ಯಾಪಾರ ಕುದುರಿಸಿಕೊಂಡು ಜೂನ್ ತಿಂಗಳ ಒಂದು ಬೆಳಿಗ್ಗೆ ಹೊರಟ. ಅಂಗಡಿಯ ಸಾಮಾನನ್ನೆಲ್ಲ ಬೆನ್ನ ಮೇಲೆ ಹೊತ್ತಂತಿದ್ದ ಅವನನ್ನು ಕಂಡು ಎದುರಿನ ಬೇಕರಿಯವಳು, "ಏನ್ ಆಬ್ರಿ, ಮಾರಾಟ ಆಗದೆ ಉಳಿದದ್ದನ್ನೆಲ್ಲ ಬಾತ್‌ನಲ್ಲಿ ಮಾರೋಕೆ ಹೊರಟ್ಯಾ?" ಎಂದಳಂತೆ.

ಮೊದಲ ದಿನವೇ ಆಬ್ರಿಯ ಬಾಯಿ ಕಟ್ಟಿತು. ಅಷ್ಟು ವರ್ಷ ತಾನು ಮಾರಿದ ನೋಟಗಳೆಲ್ಲ ನಿಜವಾಗಿಯೂ ಅಲ್ಲೇ ಇದ್ದವು, ಹೇಳಿದ್ದಕ್ಕಿಂತ ದೊಡ್ಡವಾಗಿದ್ದವು. ಜೇನು ಬಣ್ಣದ ಕಲ್ಲಿನ ಊರುಗಳು ಒಂದೊಂದು ಕಣಿವೆಯ ಮಡಿಲಲ್ಲಿ ಬೆಚ್ಚಗೆ ಕೂತಿದ್ದವು. ಒಂದು ಹಳ್ಳಿಯ ಚರ್ಚಿನೊಳಗೆ ನಿಂತು ಅವನು ತಲೆ ಎತ್ತಿದವನು ಕತ್ತು ನೋಯುವವರೆಗೂ ಇಳಿಸಲಿಲ್ಲ. ಉಣ್ಣೆ ಮಾರಿದ ಹಣದಲ್ಲಿ ಐನೂರು ವರ್ಷದ ಹಿಂದೆ ಎಬ್ಬಿಸಿದ ಕಂಬಗಳು. ಉಣ್ಣೆ ತೂಗುವ ಮನುಷ್ಯರೇ ಕಟ್ಟಿಸಿದ್ದು. ನಾವು ವ್ಯಾಪಾರದವರು ಲಾಭ ಬಂದರೆ ಹೆಚ್ಚೆಂದರೆ ಅಂಗಡಿಗೆ ಹೊಸ ಬಣ್ಣ ಹೊಡೆಸುತ್ತೇವೆ ಎಂದುಕೊಂಡ. ನೆಲದ ಮೇಲೆ ಗೋರಿಗೆ ಹೊದಿಸಿದ ಹಿತ್ತಾಳೆ ತಗಡಿನ ಚಿತ್ರದಲ್ಲಿ ಒಬ್ಬ ಉಣ್ಣೆ ವರ್ತಕ ಒಂದು ಕಾಲು ಕುರಿಯ ಮೇಲೆ, ಇನ್ನೊಂದು ಕಾಲು ಉಣ್ಣೆಮೂಟೆಯ ಮೇಲೆ ಇಟ್ಟು ಮಲಗಿದ್ದ. ಮೆಗ್ ಆ ಕುರಿಯನ್ನೂ ಮೂಸಿ, ಬಾಗಿಲ ಕಡೆ ತಿರುಗಿ, ಬಂದ ದಾರಿಯನ್ನೇ ನೋಡುತ್ತ ನಿಂತಳು.

ಹಾಗೇ ಎಲ್ಲ ಕಡೆ. ಪ್ರತಿ ದಿಬ್ಬದ ನೆತ್ತಿಯಲ್ಲೂ ಅವಳು ನಿಂತು ಹಿಂದಕ್ಕೆ ನೋಡುತ್ತಿದ್ದಳು.

ಕೆಲವು ದಿನ ನಡೆದ ಮೇಲೆ ಒಂದು ಬೆಳಿಗ್ಗೆ, ಪೇನ್ಸ್‌ವಿಕ್ ಊರಿಗೆ ಇಳಿಯುವ ಮುಂಚೆ, ಬೀಚ್ ಮರದ ಕಾಡು ಮುಗಿದು ಬೋಳು ಬೆಟ್ಟ ತೆರೆದುಕೊಳ್ಳುವಲ್ಲಿ ಎರಡು ಹುಲ್ಲುಗಾವಲಿನ ನಡುವೆ ಒಂದು ಗೇಟಿತ್ತು. ಅದಕ್ಕೆ ಕಲ್ಲು ಆನಿಸಿ ತೆರೆದಿಟ್ಟಿದ್ದರು. ನಮ್ಮ ಕಡೆ ಮಗುವಿಗೂ ಗೊತ್ತಿರುವ ಪದ್ಧತಿಯೊಂದಿದೆ: ಗೇಟು ಹೇಗೆ ಸಿಕ್ಕಿತೋ ಹಾಗೇ ಬಿಟ್ಟು ಹೋಗಬೇಕು. ಮುಚ್ಚಿದ್ದರೆ ಮುಚ್ಚು, ತೆರೆದಿದ್ದರೆ ಮುಟ್ಟಬೇಡ. ಆಬ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಚಿಲಕ ತನ್ನ ಅಂಗಡಿಯದೇ ಎಂದು ಅವನ ಕಣ್ಣು ಗುರುತಿಸಿತು. ಜೀವಮಾನವಿಡೀ ಚಿಲಕ ಮಾರಿದವನಿಗೆ ಬಾಯಿ ತೆರೆದು ನಿಂತ ಗೇಟು ಕಂಡರೆ ಕೈ ತುರಿಸುತ್ತದೆ. ಕಲ್ಲು ಸರಿಸಿದ, ಗೇಟು ಎಳೆದ, ಚಿಲಕ ಟಕ್ಕೆಂದು ಕೂತಿತು. ಆ ಸದ್ದಿಗೆ ಖುಷಿಪಟ್ಟು ಬೆಟ್ಟ ಇಳಿದ.

ಮಧ್ಯಾಹ್ನವೆಲ್ಲ ಊರಿನಲ್ಲಿ ಕಾಲು ಸುಧಾರಿಸಿಕೊಂಡು ಸಂಜೆ ಪಬ್ಬಿಗೆ ಹೋದಾಗ ಮೆಗ್‌ಗೆ ಬಾಗಿಲ ಬಳಿ ನೀರಿಟ್ಟರು. ಅವಳು ನಾಲಿಗೆ ಅದ್ದಿ ಬಿಟ್ಟಳು. ಆಬ್ರಿಯ ಮುಂದೆ ಬಿಸಿಬಿಸಿ ಮಾಂಸದ ಕಡುಬು ಬಂದು ಕೂತಿತ್ತು. ಅಷ್ಟರಲ್ಲಿ ಸೈಕಲ್ಲಿನವನೊಬ್ಬ ಒಳಗೆ ಬಂದು ಸುದ್ದಿ ಹೇಳಿದ. ಬೆಟ್ಟದ ಮೇಲೆ ಐವಿ ಬ್ರೂಟನ್ ಎಂಬಾಕೆಯ ಕುರಿಗಳು ಗೋಡೆ ಕೆಡವಿಕೊಂಡು ಚೆದುರಿವೆ. ಪಕ್ಕದ ಹುಲ್ಲುಗಾವಲಿನ ತೊಟ್ಟಿಯಲ್ಲಿ ನೀರಿದೆ, ಯಾರೋ ನಡುವಿನ ಗೇಟು ಮುಚ್ಚಿ ಹೋಗಿದ್ದಾರೆ, ಈ ಬಿಸಿಲಲ್ಲಿ ಬಾಯಾರಿ ಹುಚ್ಚೆದ್ದಿವೆ. ಇನ್ನೊಂದಿಷ್ಟು ಇಳಿದರೆ ಹೆದ್ದಾರಿ.

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಜ್ಜನೊಬ್ಬ, "ಪೇಟೆಯೋರ ಕೆಲ್ಸ ಕಣಯ್ಯ. ಮನೆ ಬಾಗ್ಲು ಹಾಕೋದು ಮರೀತಾರೆ, ಬೆಟ್ಟದ್ದು ಮರೆಯಲ್ಲ" ಎಂದ. ಎಲ್ಲರೂ ನಕ್ಕರು. ಆಬ್ರಿಯೂ ಅಭ್ಯಾಸಬಲದಿಂದ ಅರ್ಧ ನಕ್ಕ. ಯಾರಿಗೂ ಗೊತ್ತಿಲ್ಲ, ಕಡುಬು ಬಿಸಿಯಿದೆ, ಬಾಯಿ ಮುಚ್ಚಿಕೊಂಡಿದ್ದರೆ ನಷ್ಟವಿಲ್ಲ ಎಂದು ಅಂಗಡಿಯವನ ಬುದ್ಧಿ ಲೆಕ್ಕ ಹಾಕಿತು. ಆದರೆ ಲೆಕ್ಕ ಮುಗಿಯುವ ಮುಂಚೆಯೇ ಕಾಲು ಎದ್ದಿತ್ತು. ಮೆಗ್‌ಳ ಹಗ್ಗ ಹಿಡಿದು, ಇಳಿದು ಬಂದ ಏರನ್ನು ಏದುಸಿರು ಬಿಡುತ್ತ ಮತ್ತೆ ಹತ್ತಿದ.

ಮೇಲೆ ಸಂಜೆಯ ಬಿಸಿಲು ಇಡೀ ಇಳಿಜಾರನ್ನು ಹೊಂಬಣ್ಣದಲ್ಲಿ ಅದ್ದಿತ್ತು. ದೂರದಲ್ಲಿ ಸೆವರ್ನ್ ಹೊಳೆ ಕಾಯಿಸಿದ ತಂತಿಯ ಹಾಗೆ ಹೊಳೆಯುತ್ತಿತ್ತು. ಆ ಚೆಲುವಿನ ತುಂಬ ಕುರಿಗಳು ಚೆಲ್ಲಿಹೋಗಿದ್ದವು. ಕೆಲವು ಹೆದ್ದಾರಿಯ ಮೇಲಿನ ದಂಡೆಯಲ್ಲೇ ನಿಂತು ಅರಚುತ್ತಿದ್ದವು. ಮತ್ತೆ ತೆರೆದಿಟ್ಟ ಗೇಟಿನ ಬಳಿ ಮೊಣಕಾಲಿಗೆ ಪಟ್ಟಿ ಕಟ್ಟಿದ ದಪ್ಪ ಹೆಂಗಸೊಬ್ಬಳು ಕೋಲೂರಿ ನಿಂತಿದ್ದಳು. ಅವಳೇ ಐವಿ. ಅವಳ ಎಳೆಯ ನಾಯಿ ಕುರಿಗಳನ್ನು ಕೂಡಿಸುವ ಬದಲು ಇನ್ನಷ್ಟು ಬೆದರಿಸಿ, ಈಗ ಅವಳ ಕಾಲ ಹಿಂದೆ ಅವಿತಿತ್ತು.

"ಗೇಟು ಹಾಕಿದ್ದು ನಾನೇ ಕಣಮ್ಮ" ಎಂದ ಆಬ್ರಿ.

ಐವಿ ಅವನನ್ನು ಹೊಚ್ಚಹೊಸ ಬೂಟಿನಿಂದ ಟೊಪ್ಪಿಯವರೆಗೆ ನೋಡಿದಳು. "ಮುಖ ನೋಡಿದ್ರೇನೇ ಗೊತ್ತಾಗುತ್ತೆ. ಬೈಯೋಕೆ ಆಮೇಲೆ ಪುರುಸೊತ್ತು ಮಾಡ್ಕೋತೀನಿ. ಆ ನಾಯಿ ಕೆಲ್ಸ ಮಾಡುತ್ತೋ, ಬರೀ ವಾಕಿಂಗೋ?"

ಪರರ ಮಂದೆಯ ನಡುವೆ ನಾಯಿಯ ಹಗ್ಗ ಬಿಚ್ಚಿದರೆ ಏನಾದೀತೆಂದು ಆಬ್ರಿಗೆ ಗೊತ್ತಿತ್ತು. ಅದಕ್ಕಾಗಿಯೇ ಅಷ್ಟು ಹಗ್ಗ ಮಾರಿದ್ದ. ಅಣ್ಣನಂತೆ ಸಿಳ್ಳೆ ಹಾಕಲು ಕಟ್ಟಿಸಿದ ಹಲ್ಲು ಬಿಡುತ್ತಿರಲಿಲ್ಲ. ಹಗ್ಗದ ಕೊಕ್ಕೆ ಬಿಚ್ಚಿ, ಗಿರಾಕಿಗೆ ಹೇಳುವ ಮೆಲುದನಿಯಲ್ಲಿ, "ಅವನ್ನ ಕರ್ಕೊಂಡ್ ಬಾ ಮೆಗ್" ಎಂದ.

ಮೆಗ್ ಅಲ್ಲಿರಲಿಲ್ಲ.

ಅವಳು ಕುರಿಗಳ ಕಡೆಗೆ ಓಡಲೇ ಇಲ್ಲ. ಅವುಗಳಿಂದ ದೂರ, ಬೆಟ್ಟದ ಅಂಚು ಹಿಡಿದು ದೊಡ್ಡ ಕಮಾನಿನಂತೆ ಬಳಸಿ ಹೋದಳು. ಹುಲ್ಲಿನ ಮೇಲೆ ಗಾಳಿ ಸರಿದಂತೆ, ಒಂದು ಬೊಗಳೂ ಇಲ್ಲ. ಹೆದ್ದಾರಿಯ ದಂಡೆಗೂ ಕುರಿಗಳಿಗೂ ನಡುವೆ ನುಸುಳಿ ಹೊಟ್ಟೆ ನೆಲಕ್ಕೆ ತಾಗಿಸಿ ನಿಂತಳು. ನೋಡಿದಳು, ಅಷ್ಟೆ. ಚೆಲ್ಲಿದ ಮೊಳೆಗಳ ಹತ್ತಿರ ಅಯಸ್ಕಾಂತ ತಂದಾಗ ಒಂದೊಂದಾಗಿ ತಲೆ ತಿರುಗಿಸುತ್ತವಲ್ಲ, ಹಾಗೆ ಆ ಇಡೀ ಇಳಿಜಾರು ತಲೆ ತಿರುಗಿಸಿತು. ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಸರಿದು ಗೆರೆಯಾಯಿತು, ಗೆರೆಗಳು ಕೂಡಿ ಹೊಳೆಯಾದವು, ಹೊಳೆ ಬೆಟ್ಟದ ಮೇಲಕ್ಕೇ ಹರಿದು ಗೇಟಿನೊಳಗೆ ನುಗ್ಗಿ ನೀರಿನ ತೊಟ್ಟಿಯ ಸುತ್ತ ನಿಂತಿತು. ಬಾಯಲ್ಲಿ ನೀರು ಹೀರುವ ಸದ್ದು ಬಿಟ್ಟರೆ ಮತ್ತೇನೂ ಇರಲಿಲ್ಲ.

ಆಬ್ರಿ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಚರ್ಚಿನಲ್ಲೂ ಅವನು ಅದನ್ನು ತೆಗೆದಿರಲಿಲ್ಲ. ಒಂದು ಮೂಳೆ ತಿನ್ನಲಾರದ ಮುದಿನಾಯಿಯೊಳಗೆ ಇಷ್ಟು ದೊಡ್ಡದೊಂದು ಇತ್ತೇ, ಅಣ್ಣ ಪ್ರತಿದಿನ ನೋಡುತ್ತಿದ್ದುದು ಇದನ್ನೇ, ಅದಕ್ಕೇ ಅಂಗಡಿಯಲ್ಲಿ ಪಾಲು ಕೊಡುತ್ತೇನೆಂದರೂ ಬರಲಿಲ್ಲವೇ ಎಂದು ಮೊದಲ ಸಲ ಅನ್ನಿಸಿತು.

ಮೆಗ್ ಗೇಟಿನ ಬಾಯಲ್ಲಿ ನಿಂತು ಕುರಿಗಳನ್ನು ಹಿಡಿದಿದ್ದಳು. ಆಬ್ರಿ ಶಭಾಷ್ ಎಂದ, ಬೆನ್ನು ಸವರಿದ, ಬಿಸ್ಕತ್ತು ಹಿಡಿದ. ಅವಳು ಅವನ ಹೆಗಲಾಚೆಯೇ ನೋಡುತ್ತಿದ್ದಳು. ಅವನ ಮುಖ ಇಳಿಯಿತು. ಇವಳು ಯಾವಾಗಲೂ ಹೀಗೇ, ನಾಳಿದ್ದು ವೂಟನ್‌ನಲ್ಲಿ ಕೊಟ್ಟುಬಿಡುತ್ತೇನೆ ಎಂದು ಐವಿಗೆ ಹೇಳಿದ. ಅಣ್ಣನ ಸುದ್ದಿಯನ್ನೂ ಹೇಳಿದ: ಅಟ್ಟಿದ್ದು, ಕೂತದ್ದು, ಮಧ್ಯಾಹ್ನದವರೆಗೆ ಅವಳು ಮಂದೆ ಹಿಡಿದು ನಿಂತದ್ದು.

ಐವಿಯ ಮುಖದಲ್ಲಿದ್ದ ಕೊಂಕು ಅಳಿಸಿಹೋಯಿತು.

"ಆಮೇಲೆ ಇವಳಿಗೆ ಸಾಕು ಅಂತ ಹೇಳಿದ್ಯಾರು?"

"ಸಾಕು ಅಂದ್ರೆ?"

"ಕೆಲ್ಸ ಮುಗೀತು, ಸಾಕು ಬಾ ಅಂತ ಹೇಳ್ಬೇಕು ಕಣ್ರೀ. ಅಟ್ಟಿದೋರು ಹೇಳೋ ತನಕ ಇಂಥಾ ನಾಯಿ ಕೆಲ್ಸ ಬಿಡಲ್ಲ. ಹಗ್ಗ ಹಾಕಿ ಎಳೆದ್ರೆ ಮೈ ಬರುತ್ತೆ, ಅಷ್ಟೇ." ಅವಳು ಮೆಗ್ ಕಡೆ ಕೋಲು ತೋರಿಸಿದಳು. "ಇವಳು ಅವತ್ತಿನಿಂದ ಇನ್ನೂ ಕೆಲ್ಸದ ಮೇಲೇ ಇದಾಳೆ."

ಆಬ್ರಿಗೆ ಒಂದೊಂದಾಗಿ ನೆನಪಾಯಿತು: ಅಂಗಡಿ ಬಾಗಿಲಲ್ಲಿ ಎತ್ತಿದ ತಲೆ, ತಿನ್ನದೆ ಬಿಟ್ಟ ತಟ್ಟೆ, ದಿಬ್ಬದ ಮೇಲೆ ಹಿಂದಕ್ಕೆ ನೋಡುವ ಕಣ್ಣು. ಅವಳು ದುಃಖದಲ್ಲಿರಲಿಲ್ಲ. ಕಾಯುತ್ತಿದ್ದಳು. ಒಂದು ಮಾತಿಗಾಗಿ ವಸಂತ ಪೂರ್ತಿ ಕಾದಿದ್ದಳು, ತಾನು ಪಕ್ಕದಲ್ಲೇ ಕೂತು ಚಿಲಕ ಮಾರುತ್ತಿದ್ದ.

"ನಾನ್ ಹೇಳಿದ್ರೆ ಕೇಳ್ತಾಳಾ?"

"ಇವತ್ತು ಅಟ್ಟಿದ್ದು ನೀವೇ ಅಲ್ವಾ?"

ಅವನು ಬಾಯಿ ತೆರೆದ. ಹೊರಟದ್ದು ಅಂಗಡಿಯವನ ದನಿಯಾಗಿರಲಿಲ್ಲ. ಒಂದೇ ತೊಟ್ಟಿಲಲ್ಲಿ ಬೆಳೆದವರ ದನಿ, ಲೆನರ್ಡನದಕ್ಕೆ ತೀರ ಹತ್ತಿರದ್ದು.

"ಸಾಕು ಮೆಗ್. ಬಾ ಮಗಳೇ."

ಅವಳ ಕಿವಿಗಳು ಮೊದಲು ಇಳಿದವು, ಆಮೇಲೆ ಹೆಗಲು. ಕುರಿಗಳಿಗೆ ಬೆನ್ನು ಮಾಡಿ ತಿರುಗಿ ಆಬ್ರಿಯ ಮುಖವನ್ನು ನೋಡಿದಳು, ತುಂಬ ಹೊತ್ತು, ಇವನು ಯಾರು ಎಂದು ಈಗ ಕೇಳುವ ಹಾಗೆ. ತೊಟ್ಟಿಗೆ ಹೋಗಿ ಕುರಿಗಳ ನಡುವೆಯೇ ತಲೆ ತೂರಿಸಿ ಹೊಟ್ಟೆ ತುಂಬ ನೀರು ಕುಡಿದಳು. ಬಂದವಳೇ ಅವನ ಬೂಟಿನ ಪಕ್ಕ ಹುಲ್ಲಿನ ಮೇಲೆ ದೊಪ್ಪನೆ ಬಿದ್ದು, ಪಕ್ಕಕ್ಕೆ ಹೊರಳಿ, ನಾಲ್ಕೂ ಕಾಲು ಚಾಚಿ ನಿದ್ದೆ ಹೋದಳು. ಅವಳು ಹಾಗೆ ಮಲಗಬಲ್ಲಳೆಂಬುದೇ ಆಬ್ರಿಗೆ ತಿಳಿದಿರಲಿಲ್ಲ.

ಅವನು ಪಕ್ಕದಲ್ಲಿ ಕೂತ. ಕಣ್ಣಿಂದ ನೀರು ಇಳಿಯುತ್ತಿತ್ತು. ಅಣ್ಣನಿಗೋ ನಾಯಿಗೋ ಎಂದು ವಿಂಗಡಿಸಲು ಹೋಗಲಿಲ್ಲ. ಐವಿ ಬೇರೆ ಕಡೆ ನೋಡುತ್ತ, ಬೈಯುವುದು ಬಾಕಿಯಿದೆ, ನಾಳೆ ಆ ಗೋಡೆ ಕಟ್ಟುವಾಗ ಕಲ್ಲು ಎತ್ತಿಕೊಡಲು ಬರಬೇಕು ಎಂದಳು. ಆಬ್ರಿ ಬರುತ್ತೇನೆಂದ.

"ವೂಟನ್ನಿನೋರಿಗೆ ಏನ್ ಹೇಳ್ತೀರಿ?" ಎಂದು ಕೇಳಿದಳು ಅವಳು.

"ಇಲ್ಲ ಅಂತ."

ಹೆದ್ದಾರಿಯ ಕಡೆ ನೆರಳು ಉದ್ದವಾಗುತ್ತಿತ್ತು. ಕೆಳಗೆ ಪೇನ್ಸ್‌ವಿಕ್ಕಿನ ಚರ್ಚಿನ ಗೋಪುರ ಬಿಸಿಲ ಕೊನೆಯ ತುಣುಕನ್ನು ಹಿಡಿದು ನಿಂತಿತ್ತು. ಊರಿಗೆ ಇಳಿಯಲು ಹೊತ್ತಾಯಿತು, ಎಬ್ಬಿಸಲೇ ಎಂದು ಐವಿ ಕೋಲು ಮುಂದೆ ಮಾಡಿದಳು. ಆಬ್ರಿ ಕೈ ಅಡ್ಡ ಹಿಡಿದು, ಮೆಗ್‌ಳ ಉಸಿರು ಏರಿ ಇಳಿಯುವುದನ್ನೇ ನೋಡುತ್ತ ಕೂತ.